ಹೆಸರು ಹೇಳಲೂ ಹೆದರುತ್ತಿದ್ದ ಸುಂಟರಗಾಳಿ

ನಮ್ಮ ಹೊಲಗಳಲ್ಲಿ ಸುಂಟರಗಾಳಿ ಎದ್ದರೆ ತರಗೆಲೆ, ದೂಳು ಸುತ್ತುತ್ತದೆ. ಅಮೆರಿಕದ ಟಾರ್ನೆಡೊ ಮನೆಗಳನ್ನೇ ಕಿತ್ತೊಗೆಯುತ್ತದೆ. ಆದರೂ 1880ರ ದಶಕದಿಂದ ಬಹಳ ವರ್ಷ ಅಲ್ಲಿನ ಸರ್ಕಾರಿ ಮುನ್ಸೂಚನೆಯಲ್ಲಿ ಆ ಪದವನ್ನೇ ಬಳಸುವಂತಿರಲಿಲ್ಲ. ಜನ ಗಾಬರಿಯಾಗುತ್ತಾರೆ ಎಂಬ ಭಯ. 1925ರ ಮಾರ್ಚ್ 18ರಂದು ಒಂದೇ ಟಾರ್ನೆಡೊ ಮೂರು ರಾಜ್ಯಗಳನ್ನು ದಾಟಿತು. ಮುನ್ನೆಚ್ಚರಿಕೆ ಇಲ್ಲದೆ ಸುಮಾರು 695 ಜನ ಸತ್ತರು.

1948ರ ಮಾರ್ಚ್ 20ರ ರಾತ್ರಿ ಓಕ್ಲಹೋಮಾದ ಟಿಂಕರ್ ವಾಯುನೆಲೆಯಲ್ಲಿ ವಿಮಾನಗಳು ನುಚ್ಚುನೂರಾದವು. ಅಲ್ಲಿನ ಹವಾಮಾನ ಅಧಿಕಾರಿಗಳಾದ ಫಾಬುಷ್ ಮತ್ತು ಮಿಲ್ಲರ್ ಹಳೆಯ ಟಾರ್ನೆಡೊಗಳ ಹವಾಮಾನ ನಕ್ಷೆಗಳನ್ನು ಹುಡುಕಿ ನೋಡಿದರು. ಐದೇ ದಿನದಲ್ಲಿ ಅಂಥದೇ ಲಕ್ಷಣ ಮತ್ತೆ ಕಾಣಿಸಿತು. 25ರ ಮಧ್ಯಾಹ್ನ ಮುನ್ಸೂಚನೆ ಕೊಟ್ಟರು, ವಿಮಾನಗಳನ್ನು ಸುರಕ್ಷಿತ ಜಾಗಕ್ಕೆ ಸರಿಸಿದರು. ಸಂಜೆ ಟಾರ್ನೆಡೊ ಬಂದೇ ಬಂತು.

1952ರಲ್ಲಿ ಇಂಥ ಮುನ್ಸೂಚನೆ ಸಾಮಾನ್ಯ ಜನರಿಗೂ ಸಿಗತೊಡಗಿತು. ಈಗ ಅಲ್ಲಿ ಎರಡು ಹಂತಗಳಿವೆ. 'ವಾಚ್' ಎಂದರೆ ಮುಂದಿನ ಕೆಲವು ಗಂಟೆಗಳಲ್ಲಿ ಟಾರ್ನೆಡೊ ಏಳಬಹುದು. 'ವಾರ್ನಿಂಗ್' ಎಂದರೆ ರೇಡಾರ್‌ನಲ್ಲೋ ಕಣ್ಣಿಗೋ ಕಂಡಿದೆ, ಈಗಲೇ ಅಡಗಿ. ಆಗ ಉಳಿಯುವುದು ಕೆಲವೇ ನಿಮಿಷ. ವಾಚ್ ಬಂದಾಗಲೇ ಸ್ವಯಂಸೇವಕರು ಆಕಾಶ ಕಾಯುತ್ತಿದ್ದು, ಮನೆಯವರು ರೇಡಿಯೊ ಹಾಕಿಕೊಂಡು ಅಡಗುವ ಜಾಗ ನೋಡಿಟ್ಟಿದ್ದರೆ ಮಾತ್ರ ಆ ನಿಮಿಷಗಳು ಸಾಕಾಗುತ್ತವೆ.

ನಮ್ಮ ಫೋನುಗಳಿಗೂ ಗುಡುಗು ಸಿಡಿಲಿನ ಮುನ್ಸೂಚನೆ ಬರುತ್ತದೆ. ಮೋಡವೇ ಇಲ್ಲವಲ್ಲ ಎಂದು ಅದನ್ನು ಅಳಿಸಿಬಿಡುವುದು ಬೇಡ. ಹೊಲಕ್ಕೆ ಹೋದವರಿಗೆ ಫೋನ್ ಮಾಡಲು, ಮರದಡಿಯ ದನ ಬಿಚ್ಚಿ ತರಲು ಸಿಗುವ ಹೊತ್ತು ಅದೇ.