ಹಠಮಾರಿ ಎಂಬ ಹೆಸರು

ನಾಯಿಗಳನ್ನು ಕುರಿತ ಇಂಗ್ಲಿಷ್ ಪುಸ್ತಕಗಳಲ್ಲಿ ಬೀಗಲ್ ಜಾತಿಯ ನಾಯಿಗೆ ಒಂದು ವಿಶೇಷಣ ಬಿಡದೆ ಅಂಟಿಕೊಂಡಿರುತ್ತದೆ: ಹಠಮಾರಿ. ಕರೆದರೆ ಬಾರದು, ಕೂರೆಂದರೆ ಕೂರದು, ನೆಲಕ್ಕೆ ಮೂಗಿಟ್ಟಿತೆಂದರೆ ಯಜಮಾನನೆಂಬವನೊಬ್ಬ ಇದ್ದಾನೆಂಬುದನ್ನೇ ಮರೆಯುತ್ತದೆ. ಸ್ಟ್ಯಾನ್ಲಿ ಕೋರೆನ್ ಎಂಬ ಮನಶ್ಶಾಸ್ತ್ರಜ್ಞರು 1994ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ, ಹೇಳಿದ ಮಾತು ಕೇಳುವ ಗುಣದಲ್ಲಿ ಬೀಗಲ್ಲಿಗೆ ದೊರೆತದ್ದು 72ನೆಯ ಸ್ಥಾನ. ಕುರಿ ಕಾಯುವ ಬಾರ್ಡರ್ ಕಾಲಿ ಮೊದಲನೆಯದು. ಇಂಥ ಕೀರ್ತಿವಂತ ಪ್ರಾಣಿಯೊಂದನ್ನು ಬಂಗಾರಪೇಟೆಯ ಮನೆಯಲ್ಲಿ ಸಾಕಿಕೊಂಡಿರುವ ನನಗೆ, ಈ ಹೆಸರು ಅದಕ್ಕೆ ಬಂದದ್ದು ಹೇಗೆ, ಕೊಟ್ಟವರು ಯಾರು ಎಂದು ವಿಚಾರಿಸಬೇಕೆನಿಸಿತು. ವಿಚಾರಿಸುತ್ತ ಹೋದಂತೆ ಕಂಡದ್ದು ನಾಯಿಯ ಚರಿತ್ರೆಗಿಂತ ಹೆಚ್ಚಾಗಿ ಮನುಷ್ಯನ ಚರಿತ್ರೆ.

ಬೀಗಲ್ ಇಂಗ್ಲೆಂಡಿನ ಬೇಟೆನಾಯಿ. ಅದರ ಬೇಟೆ ಮೊಲ. ನರಿಯನ್ನಟ್ಟುವ ದೊಡ್ಡ ನಾಯಿಗಳ ಹಿಂದೆ ಶ್ರೀಮಂತರು ಕುದುರೆಯೇರಿ ಹೋಗುತ್ತಿದ್ದರು. ಬೀಗಲ್ ಹಿಂಡಿನ ಹಿಂದೆ ಮಾತ್ರ ಕಾಲ್ನಡೆಯಲ್ಲೇ ಹೋಗಬಹುದಾಗಿತ್ತು. ಮೊದಲನೆಯ ಎಲಿಜಬೆತ್ ರಾಣಿಯ ಬಳಿ ಅತಿ ಚಿಕ್ಕ ಬೀಗಲ್‌ಗಳಿದ್ದುವೆಂದು ಹೇಳುತ್ತಾರೆ. ಈಗ ನಾವು ಕಾಣುವ ತಳಿಗೆ ಅಡಿಪಾಯ ಬಿದ್ದದ್ದು 1830ರ ದಶಕದಲ್ಲಿ, ಎಸೆಕ್ಸ್ ಪ್ರಾಂತದ ಫಿಲಿಪ್ ಹನಿವುಡ್ ಎಂಬ ಪಾದ್ರಿ ಕಟ್ಟಿದ ಹಿಂಡಿನಿಂದ. ಬೀಗಲ್ ಕ್ಲಬ್ ಹುಟ್ಟಿದ್ದು 1890ರಲ್ಲಿ.

ಈ ಬೇಟೆಯ ಕ್ರಮವನ್ನು ಗಮನಿಸಬೇಕು. ಮೊಲ ಮುಂದೆ, ನಾಯಿಯ ಹಿಂಡು ಅದರ ಹಿಂದೆ, ಮನುಷ್ಯ ಎಲ್ಲರಿಗಿಂತ ಹಿಂದೆ, ಏದುಸಿರು ಬಿಡುತ್ತ. ವಾಸನೆಯ ಜಾಡು ಎಡಕ್ಕೆ ಹೊರಳಿತೋ ಬಲಕ್ಕೆ ಹೊರಳಿತೋ ಎಂಬುದನ್ನು ನಿರ್ಧರಿಸಬೇಕಾದದ್ದು ನಾಯಿಯೇ. ಯಜಮಾನನ ಮುಖ ನೋಡುತ್ತ ನಿಂತ ನಾಯಿ ಜಾಡು ಕಳೆದುಕೊಳ್ಳುತ್ತಿತ್ತು. ಅಂಥದರ ಮರಿಗಳನ್ನು ಬೇಟೆಗಾರರು ಉಳಿಸಿಕೊಳ್ಳುತ್ತಿರಲಿಲ್ಲ. ಕುರಿನಾಯಿಯ ವಿಷಯ ಇದಕ್ಕೆ ತದ್ವಿರುದ್ಧ. ಕುರುಬನ ಸಿಳ್ಳೆಗೆ ಕಿವಿಗೊಟ್ಟದ್ದೇ ಅದರಲ್ಲಿ ಉಳಿಯಿತು. ಹೀಗೆ ತಲೆಮಾರುಗಟ್ಟಲೆ ನಾವೇ ಆರಿಸಿ ಆರಿಸಿ ಬೆಳೆಸಿದ ಗುಣಕ್ಕೆ, ಬೇಟೆ ನಿಂತಮೇಲೆ, ನಾವೇ ಹಠವೆಂದು ಹೆಸರಿಟ್ಟೆವು.

ಅಮೆರಿಕದ ಸ್ಕಾಟ್ ಮತ್ತು ಫುಲರ್ ಎಂಬ ವಿಜ್ಞಾನಿಗಳು ಹದಿಮೂರು ವರ್ಷ ನಾಯಿಗಳ ನಡವಳಿಕೆಯನ್ನು ಅಭ್ಯಾಸ ಮಾಡಿ, 1965ರಲ್ಲಿ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದರು. ಅವರು ನಡೆಸಿದ ಒಂದು ಪರೀಕ್ಷೆ ಪ್ರಸಿದ್ಧವಾಗಿದೆ. ಒಂದು ಎಕರೆ ಬಯಲಿನಲ್ಲಿ ಒಂದು ಇಲಿಯನ್ನು ಬಿಟ್ಟು ನಾಯಿಗಳಿಗೆ ಹುಡುಕಲು ಹೇಳಿದರು. ಬೀಗಲ್‌ಗಳು ಸುಮಾರು ಒಂದು ನಿಮಿಷದಲ್ಲಿ ಹುಡುಕಿದುವು. ಫಾಕ್ಸ್ ಟೆರಿಯರ್‌ಗಳಿಗೆ ಹದಿನೈದು ನಿಮಿಷ ಹಿಡಿಯಿತು. ಸ್ಕಾಟಿಷ್ ಟೆರಿಯರ್‌ಗಳಿಗೆ ಸಿಕ್ಕಲೇ ಇಲ್ಲ. ಈ ಪರೀಕ್ಷೆಯಿಂದ ಬುದ್ಧಿಯ ಪಟ್ಟಿ ತಯಾರಿಸಿದ್ದರೆ 72ನೆಯದು ಎಲ್ಲಿರುತ್ತಿತ್ತೆಂದು ವಾಚಕರೇ ಊಹಿಸಬಹುದು.

ನಮ್ಮ ಸೀಮೆಗೆ ಇಂಗ್ಲಿಷರ ನಾಯಿ ಬಂದದ್ದು ಚಿನ್ನದ ಬೆನ್ನು ಹತ್ತಿ. ಲೆಫ್ಟಿನೆಂಟ್ ಜಾನ್ ವಾರನ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬರೆದಿಟ್ಟ ವರದಿಯನ್ನೋದಿ, ಲಾವೆಲ್ ಎಂಬ ನಿವೃತ್ತ ಸೈನಿಕ 1870ರ ದಶಕದಲ್ಲಿ ಇಲ್ಲಿ ಗುದ್ದಲಿ ಹಾಕಿಸಿದ. 1880ರಲ್ಲಿ ಜಾನ್ ಟೇಲರ್ ಕಂಪೆನಿ ಬಂತು. ಮೈಸೂರಿನ ಚೀಫ್ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರು ಹೊತ್ತ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಕ್ಕೆ 1894ರಲ್ಲಿ ರೈಲು ಬಿದ್ದಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಗಣಿಗೆ ತಲುಪಿತು. ಕ್ಲಬ್ಬು, ಗಾಲ್ಫ್ ಮೈದಾನ, ಹೂದೋಟದ ಬಂಗಲೆ ಇವೆಲ್ಲ ಎದ್ದು ಊರಿಗೆ ಪುಟ್ಟ ಇಂಗ್ಲೆಂಡೆಂಬ ಹೆಸರೇ ಬಂತು. ಬಂಗಲೆಯಿದ್ದಲ್ಲಿ ನಾಯಿ, ನಾಯಿಯಿದ್ದಲ್ಲಿ ಅದನ್ನು ತಿರುಗಾಡಿಸುವ ಆಳು. ಬ್ರಿಟಿಷರ ಇಂಡಿಯಾದಲ್ಲಿ ಇದು ಹಳೆಯ ಪದ್ಧತಿ. ಕಂಪೆನಿಯ ಕಾಲದಲ್ಲೇ ಉತ್ತರದ ಕಡೆ ಅಂಥವನನ್ನು ‘ಡೋರಿಯಾ’ ಎನ್ನುತ್ತಿದ್ದರು. ಎಂದರೆ ಹಗ್ಗ ಹಿಡಿದವನು. ಆಜ್ಞೆ ಇಂಗ್ಲಿಷಿನಲ್ಲಿ, ಅನ್ನ ಆಳಿನ ಕೈಯಲ್ಲಿ. ನಾವು ಇಂದಿಗೂ ನಾಯಿಯೊಡನೆ ‘ಕಮ್, ಸಿಟ್’ ಎಂದೇ ಮಾತನಾಡುವುದು ಆ ಕಾಲದ ಉಳಿಕೆಯೆಂದು ನನಗೆ ತೋರುತ್ತದೆ.

ಹಠಮಾರಿ ಎಂಬ ಮಾತು ಇದೇ ಊರಿನಲ್ಲಿ ಮನುಷ್ಯರಿಗೂ ಅಂಟಿತ್ತು. 1930ರಲ್ಲಿ, ಗಣಿಯ ಕೂಲಿಗಳೆಲ್ಲ ಬೆರಳಚ್ಚು ಒತ್ತಿ ಹೆಸರು ನೋಂದಾಯಿಸಬೇಕೆಂಬ ನಿಯಮ ಬಂದಾಗ, ಅವರು ಕೆಲಸ ನಿಲ್ಲಿಸಿದರು. ಮನುಷ್ಯನನ್ನೂ ನಾಯಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನ್ನ ಉದ್ದೇಶವಲ್ಲ. ಆದರೆ ಹಗ್ಗ ಹಿಡಿದ ಕೈಯೇ ಸಾಮಾನ್ಯವಾಗಿ ಇನ್ನೊಬ್ಬರ ಹಠವನ್ನು ಅಳೆಯುತ್ತದೆಂಬುದನ್ನು ಮಾತ್ರ ಮರೆಯಬಾರದು.

ನಾಯಿಯನ್ನು ಪಳಗಿಸುವ ವಿದ್ಯೆಯೂ ಬದಲಾಗುತ್ತ ಬಂದಿದೆ. ಜರ್ಮನಿಯ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ಕೈಪಿಡಿಯಲ್ಲಿ ಒತ್ತಾಯಕ್ಕೆ ದೊಡ್ಡ ಸ್ಥಾನವಿತ್ತು. 1951ರಲ್ಲಿ ಅಮೆರಿಕದ ಬಿ. ಎಫ್. ಸ್ಕಿನ್ನರ್, ಪ್ರಾಣಿಗಳಿಗೆ ಕಲಿಸುವ ಬಗೆಯನ್ನು ಸಾಮಾನ್ಯರಿಗೂ ತಿಳಿಯುವಂತೆ ಬರೆದರು: ಬೇಕಾದದ್ದನ್ನು ಮಾಡಿದ ಕ್ಷಣವೇ ಒಂದು ಸದ್ದು, ಸದ್ದಿನೊಡನೆ ಒಂದು ತುತ್ತು. ದಂಡನೆ ಬೇಡ. ತಿಂಡಿಪೋತ ಬೀಗಲ್ಲಿಗೆ ಇದಕ್ಕಿಂತ ಒಪ್ಪುವ ಗುರುಕುಲ ಯಾವುದು? 1984ರಲ್ಲಿ ಅಮೆರಿಕದ ಕೃಷಿ ಇಲಾಖೆ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ಬೀಗಲ್‌ಗಳನ್ನೇ ಕೆಲಸಕ್ಕಿಟ್ಟಿತು. ಪ್ರಯಾಣಿಕರ ಪೆಟ್ಟಿಗೆಯಲ್ಲಿ ಅಡಗಿಸಿಟ್ಟ ಹಣ್ಣು, ಮಾಂಸಗಳನ್ನು ಮೂಸಿ, ಪಕ್ಕದಲ್ಲಿ ಸುಮ್ಮನೆ ಕುಳಿತುಬಿಡುವುದು ಅವುಗಳ ಉದ್ಯೋಗ. ಮಾತು ಕೇಳದ ನಾಯಿಗೆ ಸರ್ಕಾರಿ ನೌಕರಿ ದೊರೆಯಿತು!

ಇನ್ನೊಂದು ಅಧ್ಯಾಯ ಇಷ್ಟು ನಗೆಯದಲ್ಲ. 1950ರ ದಶಕದಿಂದ ಪ್ರಯೋಗಶಾಲೆಗಳು ಬೀಗಲ್ಲನ್ನು ಆರಿಸಿಕೊಂಡುವು. ಯೂಟಾ ವಿಶ್ವವಿದ್ಯಾನಿಲಯದಲ್ಲಿ ರೇಡಿಯಂ, ಪ್ಲುಟೋನಿಯಂಗಳ ಪರಿಣಾಮವನ್ನು ಅವುಗಳ ಮೇಲೆ ಪರೀಕ್ಷಿಸಿದರು. ಮುಂದೆ ಲೋಕದೆಲ್ಲೆಡೆ ಔಷಧಗಳನ್ನು. ಆರಿಸಿದ್ದಕ್ಕೆ ಕಾರಣ? ಗಾತ್ರ ಸಣ್ಣದು, ಗುಂಪಿನಲ್ಲಿ ಜಗಳವಿಲ್ಲದೆ ಬಾಳುತ್ತದೆ, ಸೂಜಿ ಚುಚ್ಚಿದರೂ ಕಚ್ಚುವುದು ಅಪರೂಪ. ಬೈಠಕ್ಕಿನಲ್ಲಿ ಹಠಮಾರಿಯಾದದ್ದೇ ಪ್ರಯೋಗಶಾಲೆಯಲ್ಲಿ ಪರಮ ಸಾಧುವಾಯಿತು. ಬೆಂಗಳೂರಿನಲ್ಲಿಯೂ ಇಂಥ ಬೀಗಲ್‌ಗಳಿದ್ದುವು. ಕ್ಯೂಪಾ ಎಂಬ ಪ್ರಾಣಿದಯಾ ಸಂಸ್ಥೆಯವರು ಅವುಗಳನ್ನು ಬಿಡಿಸಿ ತಂದು ಮನೆಗಳಲ್ಲಿ ಇರಿಸುವ ಕೆಲಸವನ್ನು ಕೈಗೊಂಡರು. 2016ರಲ್ಲಿ ಒಂದೇ ಸಂಸ್ಥೆಯಿಂದ 156 ನಾಯಿಗಳು ಹೊರಬಂದುವು.

ನನ್ನ ಮನೆಗೆ ಬಂದದ್ದೂ ಪ್ರಯೋಗಶಾಲೆ ಕಂಡ ಜೀವವೇ. ಕಿವಿಯೊಳಗೆ ಹಚ್ಚೆಯ ಅಂಕಿ ಇತ್ತು, ಹೆಸರಿರಲಿಲ್ಲ. ಚಿನ್ನದ ಸೀಮೆಯಲ್ಲವೆ, ಚಿನ್ನಿ ಎಂದು ಕರೆದೆವು. ಅದಕ್ಕೆ ಮೆಟ್ಟಿಲು ಗೊತ್ತಿರಲಿಲ್ಲ, ಹುಲ್ಲು ಗೊತ್ತಿರಲಿಲ್ಲ. ಮಳೆ ಬಂದರೆ ನಡುಗುತ್ತಿತ್ತು. ಮೊದಲ ಕೆಲವು ವಾರ ಹೇಳಿದ್ದಕ್ಕೆಲ್ಲ ತಲೆಬಾಗುತ್ತಿತ್ತು, ಕೂರಿಸಿದಲ್ಲಿ ಕೂರುತ್ತಿತ್ತು. ಅಷ್ಟೊಂದು ವಿನಯ ನೋಡಲು ಸಂಕಟವಾಗುತ್ತಿತ್ತು. ಒಂದು ಸಂಜೆ ಪೇಟೆಯಲ್ಲಿ ಪಾನಿಪುರಿ ಗಾಡಿಯ ಮುಂದೆ ನಾಲ್ಕು ಕಾಲನ್ನೂ ಊರಿ ನಿಂತು, ಎಷ್ಟು ಎಳೆದರೂ ಕದಲದಾದಾಗ, ಬಂಗಾರಪೇಟೆಯ ಆ ತಿಳಿನೀರಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ನಾಯಿ ತನ್ನ ಮೂಗನ್ನು ಮರಳಿ ಪಡೆದಿತ್ತು. ಗಣಿಯಲ್ಲಿ ದುಡಿದು ನಿವೃತ್ತರಾದ ನೆರೆಯ ಹಿರಿಯರು ನಕ್ಕು, “ಏನು ಮೇಷ್ಟ್ರೇ, ನಾಯೀನ ನೀವು ತಿರುಗಾಡಿಸ್ತೀರೋ, ನಿಮ್ಮನ್ನ ಅದು ತಿರುಗಾಡಿಸುತ್ತೋ?” ಎಂದರು.

ಅಲ್ಲಿಂದ ಮುಂದೆ ಪಾಠ ಆರಂಭವಾಯಿತು. ಊಟಕ್ಕೆ ಮುಂಚೆ, ಹಸಿವಿರುವಾಗ, ಐದೇ ನಿಮಿಷ. ‘ಬಾ’ ಎಂದು ಕನ್ನಡದಲ್ಲೇ ಕರೆಯುವುದು. ಬಂದೊಡನೆ ಬೇಯಿಸಿದ ಮೊಟ್ಟೆಯ ಚೂರು. ಬಂದಮೇಲೆ ಎಂದೂ ಗದರಿಸಕೂಡದು. ನೇರವಾಗಿ ಹತ್ತು ಹೆಜ್ಜೆ ಜೊತೆಯಲ್ಲಿ ನಡೆದರೆ, ಬಹುಮಾನವಾಗಿ ಬೇಲಿಯ ಬುಡವನ್ನು ಮನಸಾರೆ ಮೂಸಲು ಬಿಡುವುದು. ಮೂಗನ್ನು ತಡೆಯುವ ಬದಲು ಅದನ್ನೇ ಸಂಬಳವಾಗಿ ಕೊಟ್ಟದ್ದು ಎಲ್ಲಕ್ಕಿಂತ ಹೆಚ್ಚು ಫಲಿಸಿತು. ಹಗ್ಗವನ್ನು ಮಾತ್ರ ಬಯಲಿನಲ್ಲಿ ಬಿಚ್ಚುವುದಿಲ್ಲ. ರೈಲುಹಾದಿಯ ಊರಿದು, ಜಾಡು ಹಿಡಿದ ಬೀಗಲ್ಲಿಗೆ ಎಂಜಿನ್ನಿನ ಕೂಗು ಕೇಳಿಸದು. ಆರು ತಿಂಗಳಲ್ಲಿ ಚಿನ್ನಿ ಹತ್ತು ಸಲ ಕರೆದರೆ ಏಳೆಂಟು ಸಲ ಬರುವಂತಾಯಿತು. ಉಳಿದ ಎರಡು ಮೂರು ಸಲ ಅದರ ಸ್ವಂತಕ್ಕೆ ಇರಲೆಂದು ಬಿಟ್ಟಿದ್ದೇನೆ.

ಚಾಂಪಿಯನ್ ರೀಫ್ ಗಣಿಯಲ್ಲಿ ಒಂದೇ ಅದಿರಿನ ಎಳೆಯನ್ನು ಹಿಡಿದು ಜನ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು. ಬಂಡೆ ಸಿಡಿದರೂ, ಬಿಸಿ ಏರಿದರೂ, 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಆ ಎಳೆಯನ್ನು ಬಿಡಲಿಲ್ಲ. ಅದನ್ನು ನಾವು ಸಾಹಸವೆಂದು ಕರೆದು ಗೌರವಿಸುತ್ತೇವೆ, ಅದು ಸರಿಯೇ. ಒಂದು ಜಾಡನ್ನು ಹಿಡಿದರೆ ಕೊನೆ ಮುಟ್ಟುವವರೆಗೆ ಬಿಡದ ಪುಟ್ಟ ಪ್ರಾಣಿಗೂ ಹಠಮಾರಿಗಿಂತ ಸ್ವಲ್ಪ ಒಳ್ಳೆಯ ಹೆಸರನ್ನು ಈ ಸೀಮೆಯವರಾದ ನಾವು ಹುಡುಕಿ ಕೊಡಬಹುದು.