ಜೋಳಿಗೆಯ ಮಾತು, ಮಿದುಳಿನ ರುಚಿ

ನಮ್ಮ ಬೇವೂರು ಸೀಮೆಗೆ ಕುಡಿತ ಬಿಡಿಸಲು ಗುಳಿಗೆಗಿಂತ ಮೊದಲು ಬಂದದ್ದು ಜೋಳಿಗೆ. ಇಳಕಲ್ಲ ಚಿತ್ತರಗಿ ಸಂಸ್ಥಾನಮಠದ ಮಹಾಂತ ಅಪ್ಪಗಳು 1975ರಲ್ಲಿ ಅದನ್ನು ಹೆಗಲಿಗೇರಿಸಿಕೊಂಡು ಹೊರಟರು. ಬೇಡಿದ್ದು ಕಾಳುಕಡಿಯನ್ನಲ್ಲ, ಜನರ ಚಟಗಳನ್ನು. ಒಬ್ಬ ಸ್ವಾಮಿ ಮನೆಬಾಗಿಲಿಗೆ ಬಂದು ಕೈಯೊಡ್ಡಿದಾಗ ಎಂಥ ಕುಡುಕನಿಗೂ ಇಲ್ಲವೆನ್ನುವುದು ಕಷ್ಟ. ಅವರ ಹುಟ್ಟುದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ.

ಔಷಧಿ ಅಂಗಡಿ ನಡೆಸುವ ನಾನು ಜೋಳಿಗೆಗೆ ಕೊಟ್ಟ ಮಾತು ಉಳಿಸಿಕೊಂಡವರನ್ನು ಕಂಡಿದ್ದೇನೆ, ಜಾತ್ರೆಯ ರಾತ್ರಿ ಸೋತವರನ್ನೂ ಕಂಡಿದ್ದೇನೆ. ಸೋತವರನ್ನು ಊರು ಮಾತಿಗೆ ತಪ್ಪಿದವರೆಂದು ದೂರ ಇಟ್ಟಿತು. ಅದು ಅನ್ಯಾಯ. 2007ರ ಜುಲೈ 1ರಂದು ರಾಜ್ಯದಲ್ಲಿ ಸರಾಯಿ ಮಾರಾಟವೇ ನಿಂತಿತು. ಪಾಕೀಟು ಹೋಯಿತು, ಆಸೆ ಹೋಗಲಿಲ್ಲ.

ಆಸೆಯ ಬೇರು ಮಿದುಳಿನಲ್ಲಿದೆ. ಹೆಂಡ ಹೊಟ್ಟೆಗಿಳಿದಾಗ ಮಿದುಳು ತನ್ನದೇ ಅಫೀಮಿನಂಥ ಎಂಡಾರ್ಫಿನ್ ಸುರಿಸುತ್ತದೆ. ಡೋಪಮಿನ್ ಕೋಶಗಳನ್ನು ಹಿಡಿದಿಟ್ಟ ಕಾವಲನ್ನು ಅದು ಸಡಿಲಿಸುತ್ತದೆ. ಡೋಪಮಿನ್ ಉಕ್ಕುತ್ತದೆ, 'ಇದನ್ನು ಮತ್ತೆ ಮಾಡು' ಎಂಬ ಪಾಠ ಬಲವಾಗಿ ಕೂರುತ್ತದೆ.

1948ರಲ್ಲಿ ಡೆನ್ಮಾರ್ಕಿನಿಂದ ಬಂದ ಡೈಸಲ್ಫಿರಾಮ್ ಗುಳಿಗೆ ಈ ಪಾಠವನ್ನು ನೇರವಾಗಿ ಅಳಿಸುವುದಿಲ್ಲ, ಹೆದರಿಸುತ್ತದೆ: ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ. ನಾಲ್ಟ್ರೆಕ್ಸೋನ್ ಗುಳಿಗೆ ಬೇರೆ ಜಾತಿಯದು. ಎಂಡಾರ್ಫಿನ್ ಕೂರುವ ಜಾಗದಲ್ಲಿ ತಾನೇ ಕೂರುತ್ತದೆ. ಡೋಪಮಿನ್ ಮೊದಲಿನಷ್ಟು ಉಕ್ಕುವುದಿಲ್ಲ. ಅಮೆರಿಕ ಇದನ್ನು ಅಫೀಮಿನ ಚಟಕ್ಕೆ 1984ರಲ್ಲಿ, ಕುಡಿತಕ್ಕೆ 1994ರಲ್ಲಿ ಒಪ್ಪಿತು. ಎಲ್ಲರಿಗೂ ನಾಟುವುದಿಲ್ಲ. ಅಫೀಮಿನ ಜಾತಿಯ ನೋವಿನ ಮಾತ್ರೆ ನುಂಗುವವರಿಗೆ ಕೊಡುವಂತಿಲ್ಲ, ಯಕೃತ್ತನ್ನೂ ವೈದ್ಯರು ನೋಡಬೇಕು.

"ಕುಡದ್ನಿರಿ, ಆದ್ರ ಮೊದಲಿನ ಮಜಾ ಬರಲಿಲ್ಲ" ಎಂದ ನಾಲ್ಟ್ರೆಕ್ಸೋನ್ ನುಂಗುವ ಒಬ್ಬ ಗಿರಾಕಿ. ಅವನ ಚೀಟಿ ಧಾರವಾಡದ ಮಾನಸಿಕ ಆಸ್ಪತ್ರೆಯದು. 1845ರಲ್ಲಿ ಹುಚ್ಚರ ಆಸ್ಪತ್ರೆಯಾಗಿ ಶುರುವಾದ ಆ ಸಂಸ್ಥೆಯ ಹೆಸರು ಈಗ ಡಿಮ್ಹಾನ್ಸ್. ಹಳೆಯ ಹೆಸರಿನ ಅಂಜಿಕೆಗೇ ಎಷ್ಟೋ ಮನೆಯವರು ಬಸ್ಸು ಹತ್ತಲಿಲ್ಲ. ಅವನ ಹೆಂಡತಿ ಹತ್ತಿಸಿದಳು. ಗುಳಿಗೆಯ ಪಟ್ಟಿ ಅವಳ ಕೈಯಲ್ಲೇ ಇರುತ್ತದೆ. ದಿನಕ್ಕೊಂದು, 50 ಮಿಲಿಗ್ರಾಂ, ತಾನೇ ನಿಂತು ನುಂಗಿಸುತ್ತಾಳೆ. ಅಪ್ಪಗಳ ಜೋಳಿಗೆಗೆ ಅವನು ಕೊಟ್ಟ ಮಾತನ್ನು ಅವಳು ಇನ್ನೂ ಬಿಟ್ಟಿಲ್ಲ. ವ್ಯಸನಮುಕ್ತ ದಿನದ ಭಾಷಣಗಳಲ್ಲಿ ಈ ಗುಳಿಗೆಯ ಹೆಸರನ್ನೂ ಹೇಳಿ ಎಂದು ನಾನು ಕೇಳುತ್ತಲೇ ಇದ್ದೇನೆ.