ತೀರಿದ ಸಾಲ, ತೆರೆದ ಖಾತೆ

ಮಳವಳ್ಳಿ ತಾಲೂಕಿನ ಬಂಡೂರು ಒಂದು ಚಿಕ್ಕ ಗ್ರಾಮ. ಆದರೂ ಅದರ ಹೆಸರು ಈ ಸೀಮೆಯ ಮುಸ್ಲಿಮ್ ಮನೆಗಳಿಗೆ ಚಿರಪರಿಚಿತ. ಗಿಡ್ಡ ಕಾಲಿನ, ತುಂಬಿದ ಮೈಯ ಬಂಡೂರು ಕುರಿಗೆ ಬಕ್ರೀದ್ ಸಮೀಪಿಸಿದಂತೆ ಬೇಡಿಕೆ ಏರುತ್ತದೆ, ಬೆಲೆಯೂ ಏರುತ್ತದೆ. ಕುರಿಯ ಬೆಲೆ ಕೇಳುವ ಮೊದಲು ಮನೆಯ ಹಿರಿಯರು ಮತ್ತೊಂದು ಲೆಕ್ಕ ನೋಡಬೇಕಾಗುತ್ತದೆ. ಹನಫೀ ಕರ್ಮಶಾಸ್ತ್ರದ ಪ್ರಕಾರ, ಸಾಲ ಮತ್ತು ಮೂಲಭೂತ ಅಗತ್ಯಗಳನ್ನು ಕಳೆದು ನಿಸಾಬ್‌ನಷ್ಟು ಸಂಪತ್ತು ಉಳಿದವರ ಮೇಲೆ ಮಾತ್ರ ಕುರ್ಬಾನಿ ಕಡ್ಡಾಯವಾಗುತ್ತದೆ.

ಇಂದು ಆ ಸಾಲದ ಲೆಕ್ಕದಲ್ಲಿ ಕ್ರೆಡಿಟ್ ಕಾರ್ಡೂ ಸೇರಿಕೊಂಡಿದೆ. ಅದರ ಬಾಕಿಯನ್ನು ಪೂರ್ತಿಯಾಗಿ ತೀರಿಸಿದವರು ನೆಮ್ಮದಿಯ ಉಸಿರು ಬಿಡುವಷ್ಟರಲ್ಲಿ ಪ್ರಶ್ನೆಯೊಂದು ಎದುರಾಗುತ್ತದೆ: ಖಾತೆಯನ್ನು ಮುಚ್ಚಬೇಕೇ, ತೆರೆದಿಡಬೇಕೇ? ಕಾರ್ಡು ಹೊಸದಾಗಿರಬಹುದು, ಆದರೆ ಈ ಪ್ರಶ್ನೆಯ ತಿರುಳು ಹಳೆಯದು. ಹಣ ಕೊಟ್ಟಾಕ್ಷಣ ಸಾಲದ ಸಂಬಂಧ ಮುಗಿಯುತ್ತದೆಯೇ?

ಪವಿತ್ರ ಕುರ್‌ಆನ್‌ನ ಅತ್ಯಂತ ದೀರ್ಘವಾದ ಸೂಕ್ತ ಸಾಲದ ಕುರಿತಾದದ್ದು. ಅಲ್ ಬಕರ ಅಧ್ಯಾಯದ 282ನೆಯ ಆ ಸೂಕ್ತವು ಅವಧಿ ಗೊತ್ತುಪಡಿಸಿದ ಸಾಲವನ್ನು ಬರೆದಿಡಬೇಕು, ಸಾಕ್ಷಿಗಳನ್ನು ನಿಲ್ಲಿಸಬೇಕು, ಮೊತ್ತ ಚಿಕ್ಕದೆಂದು ಉದಾಸೀನ ಮಾಡಬಾರದು ಎಂದು ಕಲಿಸುತ್ತದೆ. ಬರೆದಿಟ್ಟ ಸಾಲಕ್ಕೆ ಆರಂಭವಿರುವಂತೆ ಅಂತ್ಯವೂ ಇರುತ್ತದೆ.

ಆ ಅಂತ್ಯವನ್ನು ಎಷ್ಟು ಎಚ್ಚರದಿಂದ ಖಚಿತಪಡಿಸಿಕೊಳ್ಳಬೇಕೆಂಬುದಕ್ಕೆ ಹಝ್ರತ್ ಝುಬೈರ್ ಇಬ್ನುಲ್ ಅವ್ವಾಮ್(ರ)ರ ಮನೆಯ ಘಟನೆಯೊಂದು ಸಾಕ್ಷಿ. ಸಹೀಹ್ ಬುಖಾರಿಯಲ್ಲಿ ಅದು ವಿವರವಾಗಿ ದಾಖಲಾಗಿದೆ. ಜನರು ತಮ್ಮ ಹಣವನ್ನು ಅಮಾನತ್ತಾಗಿ ಇಡಲು ಅವರ ಬಳಿ ಬರುತ್ತಿದ್ದರು. ಅಮಾನತ್ತು ಕಳೆದುಹೋದರೆ ಒಡೆಯನಿಗೆ ನಷ್ಟವಾದೀತೆಂಬ ಭಯದಿಂದ ಅವರು ಅದನ್ನು ತಮ್ಮ ಮೇಲಿನ ಸಾಲವೆಂದೇ ಸ್ವೀಕರಿಸುತ್ತಿದ್ದರು. ಹಿಜರಿ 36ರಲ್ಲಿ, ಜಮಲ್ ಯುದ್ಧದ ದಿನ, ತಮ್ಮ ಸಾಲವನ್ನು ತೀರಿಸುವಂತೆ ಮಗ ಅಬ್ದುಲ್ಲಾ(ರ)ರಿಗೆ ವಸಿಯ್ಯತ್ ಮಾಡಿದರು. ಅವರ ಮರಣಾನಂತರ ಲೆಕ್ಕ ಹಾಕಿದಾಗ ಸಾಲ 22 ಲಕ್ಷವಿತ್ತು. ಅಬ್ದುಲ್ಲಾ(ರ) ತಂದೆಯ ಆಸ್ತಿಯನ್ನು ಮಾರಿ ಎಲ್ಲವನ್ನೂ ಸಂದಾಯ ಮಾಡಿದರು.

ಆಗ ಸಹೋದರರು ಉಳಿದ ಆಸ್ತಿಯಲ್ಲಿ ತಮ್ಮ ಪಾಲು ಕೇಳಿದರು. ಗೊತ್ತಿದ್ದ ಸಾಲವೆಲ್ಲ ತೀರಿತ್ತು, ಕೇಳಿಕೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಅಬ್ದುಲ್ಲಾ(ರ) ಒಪ್ಪಲಿಲ್ಲ. ನಾಲ್ಕು ವರ್ಷ ಸತತವಾಗಿ ಹಜ್ಜ್‌ನ ಕಾಲದಲ್ಲಿ, ಝುಬೈರ್‌ರಿಂದ ಯಾರಿಗೆ ಬಾಕಿ ಬರಬೇಕಿದೆಯೋ ಅವರು ಬರಲಿ ಎಂದು ಸಾರಿದರು. ಯಾರದೂ ಉಳಿದಿಲ್ಲವೆಂದು ಮನಗಂಡ ಬಳಿಕವೇ ಆಸ್ತಿಯನ್ನು ಹಂಚಿದರು. ಸಾಲವನ್ನು ತೀರಿಸುವುದು ಒಂದು ಕೆಲಸ, ಅದು ತೀರಿದೆಯೆಂದು ಖಚಿತಪಡಿಸಿಕೊಳ್ಳುವುದು ಇನ್ನೊಂದು ಕೆಲಸ.

ನಮ್ಮ ನಾಡಿನ ಇತಿಹಾಸವೂ ಇದೇ ಪಾಠವನ್ನು ಕಲಿಸಿದೆ. ಲೇವಾದೇವಿಗಾರರ ಬಡ್ಡಿಯಿಂದ ರೈತರನ್ನು ಬಿಡಿಸುವ ಪ್ರಯತ್ನವಾಗಿ 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದರು. ಎಪ್ಪತ್ತು ವರ್ಷ ಕಳೆದರೂ ಹಳ್ಳಿಗಳಲ್ಲಿ ಲೇವಾದೇವಿಯ ಹಿಡಿತ ಸಡಿಲಲಿಲ್ಲ. ಡಿ. ದೇವರಾಜ ಅರಸರ ಸರ್ಕಾರವು 1976ರ ಋಣ ಪರಿಹಾರ ಕಾಯ್ದೆಯನ್ನು ತಂದು, ಸಣ್ಣ ರೈತರು, ಭೂರಹಿತ ಕೃಷಿ ಕಾರ್ಮಿಕರು ಮತ್ತು ದುರ್ಬಲ ವರ್ಗದವರು ಖಾಸಗಿಯವರಿಂದ ಪಡೆದಿದ್ದ ಸಾಲವನ್ನು ಬಡ್ಡಿಸಹಿತ ರದ್ದುಗೊಳಿಸಿತು. ಕಾಯ್ದೆ ಅಷ್ಟಕ್ಕೇ ನಿಲ್ಲಲಿಲ್ಲ. ಒತ್ತೆಯಿಟ್ಟ ವಸ್ತುಗಳನ್ನು ಸಾಲಗಾರನಿಗೆ ಹಿಂದಿರುಗಿಸಬೇಕೆಂದೂ ವಿಧಿಸಿತು. ಒಡವೆ ಸಾಹುಕಾರನ ಪೆಟ್ಟಿಗೆಯಲ್ಲೇ ಉಳಿದರೆ, ಸಾಲ ಕಾಗದದ ಮೇಲೆ ಮಾತ್ರ ತೀರಿದಂತೆ.

ಭಾರತದಲ್ಲಿ ಸೆಂಟ್ರಲ್ ಬ್ಯಾಂಕ್ 1980ರಲ್ಲಿ ಪರಿಚಯಿಸಿದ ಕ್ರೆಡಿಟ್ ಕಾರ್ಡು ಈ ಹಳೆಯ ಕ್ರಮವನ್ನೇ ಬದಲಿಸಿತು. ಕೈಸಾಲದ ಪತ್ರಕ್ಕೆ ಒಂದು ಕೊನೆಯಿತ್ತು. ಕಾರ್ಡಿನಲ್ಲಿ ಬಾಕಿ ಸೊನ್ನೆಯಾದರೂ ಖಾತೆ ಉಳಿಯುತ್ತದೆ, ಮುಂದಿನ ಸಾಲಕ್ಕೆ ಬಾಗಿಲು ತೆರೆದೇ ಇರುತ್ತದೆ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದವರಿಗೆ ಉಳಿದ ಬಾಕಿಯ ಮೇಲೆ ಬಡ್ಡಿ ಬೀಳುತ್ತದೆ, ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಸಮಯಕ್ಕೆ ಸರಿಯಾಗಿ ಪೂರ್ತಿ ಪಾವತಿಸುವವರಿಗೆ ಕಾರ್ಡು ಸಮ್ಮತವೇ ಎಂಬುದರಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ಬಡ್ಡಿ ಕಟ್ಟುವುದು ನಿಷಿದ್ಧವೆಂಬುದರಲ್ಲಿ ಇಲ್ಲ.

ಹಾಗಾದರೆ ಮುಚ್ಚಬೇಕೇ? ಮುಚ್ಚಲು ಹಿಂಜರಿಯುವವರು ಕ್ರೆಡಿಟ್ ಸ್ಕೋರಿನ ಕಾರಣ ಕೊಡುತ್ತಾರೆ. ಅದರಲ್ಲಿ ಸತ್ಯಾಂಶವಿದೆ. ತಲಾ 50,000 ರೂಪಾಯಿ ಮಿತಿಯ ಎರಡು ಕಾರ್ಡುಗಳಿದ್ದು 30,000 ರೂಪಾಯಿ ಬಳಸಿದರೆ ಬಳಕೆ ಶೇ. 30. ಒಂದನ್ನು ಮುಚ್ಚಿದರೆ ಅದೇ ಖರ್ಚು ಶೇ. 60 ಆಗುತ್ತದೆ, 300ರಿಂದ 900ರವರೆಗಿನ ಆ ಅಂಕ ಇಳಿಯಬಹುದು. ಆದರೆ ಉಳಿದ ಕಾರ್ಡಿನ ಬಳಕೆ ತಗ್ಗಿದರೆ ಅಂಕವೂ ಚೇತರಿಸಿಕೊಳ್ಳುತ್ತದೆ. ಮುಚ್ಚಿದ ಖಾತೆಯ ಉತ್ತಮ ಪಾವತಿಯ ದಾಖಲೆಯೂ ಕೂಡಲೇ ಅಳಿಸಿಹೋಗುವುದಿಲ್ಲ. ಅಂಕವೆಂಬುದು ಮುಂದೆ ಸಾಲ ಪಡೆಯುವ ಅರ್ಹತೆಯ ಅಳತೆಯೇ ಹೊರತು ಮನುಷ್ಯನ ಪ್ರಾಮಾಣಿಕತೆಯ ಅಳತೆಯಲ್ಲ. ಬಡ್ಡಿಯ ಸಾಲವನ್ನೇ ತೊರೆಯಲು ನಿರ್ಧರಿಸಿದ ಕುಟುಂಬಕ್ಕೆ ಅದರ ಇಳಿಕೆ ದೊಡ್ಡ ನಷ್ಟವಲ್ಲ. ಒಮ್ಮೆ ಬಡ್ಡಿಯ ಸುಳಿಗೆ ಬಿದ್ದು ಕಷ್ಟಪಟ್ಟು ಹೊರಬಂದವರು ಆ ಬಾಗಿಲನ್ನು ಮುಚ್ಚುವುದೇ ಲೇಸು. ಎಂದೂ ಬಡ್ಡಿ ಕಟ್ಟದೆ, ಶಿಸ್ತಿನಿಂದ ಬಳಸಿದವರಿಗೆ ಆ ಆತುರವಿಲ್ಲ. ಅವರು ತಾವು ನಂಬುವ ವಿದ್ವಾಂಸರನ್ನು ಕೇಳಿ ನಿರ್ಧರಿಸಲಿ.

ಮುಚ್ಚುವುದಾದರೆ ಅಬ್ದುಲ್ಲಾ(ರ)ರ ಎಚ್ಚರ ನಮಗೆ ಮಾದರಿಯಾಗಲಿ. ಬಡ್ಡಿ ಬೀಳುತ್ತಿದ್ದ ಖಾತೆಯಲ್ಲಿ ಬಿಲ್ಲಿನ ದಿನದಿಂದ ಹಣ ಕಟ್ಟಿದ ದಿನದವರೆಗಿನ ಬಡ್ಡಿ ಮುಂದಿನ ಬಿಲ್ಲಿನಲ್ಲಿ ಕಾಣಿಸಿಕೊಳ್ಳಬಹುದು. ಆ ಬಿಲ್ಲು ಬರುವವರೆಗೆ ಕಾಯಬೇಕು. ಕಂತುಗಳಾಗಲಿ, ಕಾರ್ಡಿನಿಂದ ತಾನಾಗಿ ಕಡಿತವಾಗುವ ಪಾವತಿಗಳಾಗಲಿ ಉಳಿದಿವೆಯೇ ಎಂದು ನೋಡಬೇಕು. ಬಳಿಕ ಕೋರಿಕೆ ಸಲ್ಲಿಸಬೇಕು. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದಂತೆ, ಬಾಕಿಯಿಲ್ಲದ ಕಾರ್ಡನ್ನು ಕೋರಿಕೆ ಬಂದ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕನಿಗೆ ದಂಡ ತೆರಬೇಕು. ಬಾಕಿಯಿಲ್ಲವೆಂಬ ಪತ್ರವನ್ನು ಪಡೆದು ಮನೆಯ ದಾಖಲೆಗಳೊಂದಿಗೆ ಜೋಪಾನವಾಗಿರಿಸಿ, ಮನೆಯವರಿಗೂ ತಿಳಿಸಿಡಬೇಕು. ನಮ್ಮ ನಂತರ ಲೆಕ್ಕ ಕೇಳಬೇಕಾದವರು ನಮ್ಮ ಮಕ್ಕಳು.

ಬಕ್ರೀದ್‌ಗೆ ಬಂಡೂರು ಕುರಿಯನ್ನು ಮನೆಗೆ ತರಲಾಗದ ವರ್ಷವೂ ಬರಬಹುದು. ಸಾಲ ತೀರಿಸಿದ್ದರಿಂದ ಕೈ ಬರಿದಾದವನಿಗೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ತೀರಿದ ಸಾಲದ ನೆಮ್ಮದಿಯೊಂದಿಗೆ ಅವನು ಈದ್‌ಗಾಹ್‌ಗೆ ಹೋಗಲಿ. ಅಲ್ಲಾಹನು ನಮ್ಮೆಲ್ಲರನ್ನೂ ಸಾಲದ ಹೊರೆಯಿಂದ ಕಾಪಾಡಲಿ, ಆಮೀನ್.